ಬೆಲೋಸ್ ಸರೋವರದ ಕಾವಲುಗಾರ

ಸಂಜೆ ಆರರೊಳಗೆ ಒಂದು ದೊಡ್ಡ ಟ್ರೌಟ್ ಮೀನು ಹಿಡಿಯಬೇಕು, ಅದೂ ತನ್ನ ಕೈಯಾರೆ, ಇಲ್ಲದಿದ್ದರೆ ತಾನು ಮನುಷ್ಯನೇ ಅಲ್ಲ ಎಂದು ಲೈಲ್ ಪೆಟ್ರಿ ಬೆಳಗಿನ ಐದಕ್ಕೆ ಹಲ್ಲುಜ್ಜುತ್ತ ತೀರ್ಮಾನಿಸಿದ. ಕನ್ನಡಿಯಲ್ಲಿದ್ದ ಮುಖ ಬಾಯಿ ತುಂಬ ನೊರೆ ಇಟ್ಟುಕೊಂಡು ಅವನನ್ನು ಅಷ್ಟೇನೂ ನಂಬದೆ ನೋಡಿತು. ಸಂಜೆ ಆರಕ್ಕೆ ಅಗ್ನಿಶಾಮಕ ಠಾಣೆಯ ಹಜಾರದಲ್ಲಿ ಬೆಲೋಸ್ ಸರೋವರ ಸಂಘದ ವಾರ್ಷಿಕ ಊಟ. ಊಟದ ಕೊನೆಗೆ ಅವನಿಗೆ ‘ಸರೋವರದ ಕಾವಲುಗಾರ’ ಎಂಬ ಬಿರುದು, ಜೊತೆಗೆ ಮೇಪಲ್ ಮರದ ಫಲಕ. ಸಂಘದ ಅಧ್ಯಕ್ಷ ಅವನೇ. ಬಿರುದು ಕೊಡಬೇಕೆಂಬ ಠರಾವಿಗೆ ಸಹಿ ಹಾಕಿದವನೂ ಅವನೇ. ಸಹಿ ಹಾಕುವಾಗ ‘ಛೆ, ಇದೆಲ್ಲ ಯಾಕೆ’ ಎಂದು ಎರಡು ಸಲ ಅಂದಿದ್ದ; ಮೂರನೆಯ ಸಲ ಅಂದರೆ ಎಲ್ಲಿ ಹೌದು ಅಂದುಬಿಡುತ್ತಾರೋ ಎಂದು ಅಲ್ಲಿಗೇ ನಿಲ್ಲಿಸಿದ್ದ.

ಬಿರುದಿಗೆ ಆಧಾರ ಒಂದು ಫೋಟೋ. ಮೂರು ಬೇಸಿಗೆಯ ಹಿಂದಿನದು. ಅದರಲ್ಲಿ ಲೈಲ್ ತೋಳುದ್ದದ ಟ್ರೌಟ್ ಒಂದನ್ನು ಎದೆಗೆ ಹಿಡಿದು ನಿಂತಿದ್ದಾನೆ. ಮೀನು ಹಿಡಿದದ್ದು ಮಾತ್ರ ಅವನಲ್ಲ, ಅವನ ಅತ್ತೆ ದೆಲ್ಫಿನ್. ಮೊಮ್ಮಕ್ಕಳು ಹುಟ್ಟಿದಂದಿನಿಂದ ಮನೆಯವರಿಗೆಲ್ಲ ಅವಳು ಮೆಮೇರ್, ಅಂದರೆ ಅಜ್ಜಿ; ಅಳಿಯನಿಗೂ ಅದೇ. ಫೋಟೋ ಅಂದರೆ ಮುಖ ಸಿಂಡರಿಸುವ ಮುದುಕಿ ‘ನೀನು ಹಿಡ್ಕೊ’ ಎಂದು ಮೀನನ್ನು ಅವನ ಕೈಗೆ ದಾಟಿಸಿದ್ದಳು, ಹೆಂಡತಿ ಲೊರೇನ್ ಫೋಟೋ ತೆಗೆದಿದ್ದಳು, ಆಮೇಲೆ ಮೀನನ್ನು ನೀರಿಗೆ ಬಿಟ್ಟಿದ್ದರು. ಅದು ಹೇಗೋ ಸಂಘದ ಪತ್ರಿಕೆಯಲ್ಲಿ ‘ತಾಯಿ ಮೀನನ್ನು ಮರಳಿ ಬಿಟ್ಟ ಅಧ್ಯಕ್ಷರು’ ಎಂದು ಅಚ್ಚಾಯಿತು. ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಬಂದಾಗ ಅಂಚೆ ಕಚೇರಿಯಲ್ಲಿ ನಾಲ್ಕು ಜನ ಬೆನ್ನು ತಟ್ಟಿದರು. ನಾಡಿದ್ದು ಹೇಳಿದರೆ ಯಾಕೆ ನಿನ್ನೆ ಹೇಳಲಿಲ್ಲ ಎಂದು ಕೇಳುತ್ತಾರೆ. ಹೀಗೆ ದಿನಕ್ಕೊಂದು ಕಾರಣ ಸೇರುತ್ತ ಮೂರು ವರ್ಷವಾಯಿತು. ತಾನು ಸುಳ್ಳು ಹೇಳಿಲ್ಲ, ಬಾಯಿ ಬಿಟ್ಟಿಲ್ಲ ಅಷ್ಟೆ, ಎಂಬ ವಾದವನ್ನು ಅವನು ಸ್ನಾನ ಮಾಡುವಾಗ ಎಷ್ಟೋ ಸಲ ಗೆದ್ದಿದ್ದಾನೆ. ಇವತ್ತು ಒಂದು ದೊಡ್ಡ ಮೀನನ್ನು ತಾನೇ ಹಿಡಿದು ತಾನೇ ಬಿಟ್ಟರೆ ಆ ಹಳೆಯದೂ ಹಿಂದಿನಿಂದ ನಿಜವಾಗಿಬಿಡುತ್ತದೆ ಎಂದು ಅವನಿಗೆ ಯಾಕೋ ಖಾತ್ರಿಯಾಗಿತ್ತು.

ಜುಲೈ ತಿಂಗಳ ಕೊನೆ. ಮೇಲಿನ ನೀರು ಮಕ್ಕಳಿಗೆ ಮೈತೊಳೆಸುವಷ್ಟು ಬೆಚ್ಚಗಿತ್ತು. ಇಂಥ ದಿನಗಳಲ್ಲಿ ಟ್ರೌಟು ಮೇಲೆ ಬರುವುದಿಲ್ಲ. ನೂರು ಅಡಿ ಕೆಳಗೆ, ಕತ್ತಲೆಯ ತಣ್ಣೀರಿನಲ್ಲಿ, ಬೇಸಿಗೆ ಎಂಬುದೇ ಇಲ್ಲವೆಂಬಂತೆ ಇದ್ದುಬಿಡುತ್ತದೆ. ಅಲ್ಲಿಗೆ ಕೈ ಚಾಚುವುದಕ್ಕೆ ಲೈಲ್ ಹೋದ ವರ್ಷ ದೋಣಿಗೆ ಏನೇನೋ ಹಾಕಿಸಿದ್ದ: ಹತ್ತು ಪೌಂಡಿನ ಸೀಸದ ಗುಂಡು, ಅದನ್ನು ಇಳಿಸಿ ಏರಿಸುವ ರಾಟೆ, ತಳವನ್ನೂ ಮೀನನ್ನೂ ಗೆರೆಗಳಾಗಿ ತೋರಿಸುವ ಪರದೆ. ಗಾಳದ ದಾರವನ್ನು ಗುಂಡಿಗೆ ಒಂದು ಚಿಮಟಿಗೆಯಿಂದ ಕಚ್ಚಿಸಿ ಇಳಿಬಿಟ್ಟರೆ ಯಂತ್ರ ಹೇಳಿದ ಆಳಕ್ಕೆ ಅಡಿ ತಪ್ಪದೆ ಹೋಗುತ್ತದೆ. ದೋಣಿಯ ಮುಂತುದಿಯಲ್ಲಿ ಕೂತಿದ್ದ ಮೆಮೇರ್ ಹತ್ತಿರ ಇದ್ದದ್ದು ಒಂದು ಮರದ ಚೌಕಟ್ಟಿಗೆ ಸುತ್ತಿದ ತಾಮ್ರದ ತಂತಿ, ತುದಿಯಲ್ಲಿ ಚಮಚದಾಕಾರದ ಹಿತ್ತಾಳೆಯ ತಗಡು, ಮತ್ತು ಅವಳ ಬಲಗೈ. ಕೈಯಲ್ಲಿ ತಂತಿಯನ್ನು ಜಗ್ಗುವುದು, ಬಿಡುವುದು; ಜಗ್ಗುವುದು, ಬಿಡುವುದು. ಅವಳ ಗಂಡ, ಗಂಡನ ಅಪ್ಪ ಎಲ್ಲ ಹೀಗೇ ಮಾಡುತ್ತಿದ್ದರಂತೆ. ಅವರೆಲ್ಲ ಹಿಡಿದದ್ದನ್ನೆಲ್ಲ ತಿಂದವರು ಎಂಬುದನ್ನು ಲೈಲ್ ತನ್ನ ಭಾಷಣಗಳಲ್ಲಿ ‘ಹಿಂದಿನ ಕಾಲದ ಅರಿವಿನ ಕೊರತೆ’ ಎನ್ನುತ್ತಿದ್ದ.

ಎಂಟು ಗಂಟೆಯ ಹೊತ್ತಿಗೆ ಮುದುಕಿ ಮೂರು ಹಿಡಿದಿದ್ದಳು. ಎರಡು ಚಿಕ್ಕವನ್ನು ಬಿಟ್ಟಳು, ಬಾಣಲೆಯ ಅಳತೆಯ ಒಂದನ್ನು ತಲೆಗೆ ಮೊಟಕಿ ಐಸ್ ಪೆಟ್ಟಿಗೆಗೆ ಹಾಕಿದಳು. ಲೈಲನ ಪರದೆಯ ಮೇಲೆ ಗೆರೆಗಳು ಬಂದವು, ಅವನ ಗಾಳದ ಸುತ್ತ ಸುಳಿದವು, ಹೋದವು. ಅವು ತನ್ನನ್ನು ನೋಡಿ ಹೋಗುತ್ತಿವೆ ಅನ್ನಿಸಿತು ಅವನಿಗೆ. ಮೂವತ್ತು ವರ್ಷ ಶಾಲೆಯಲ್ಲಿ ಉಪಪ್ರಾಂಶುಪಾಲನಾಗಿದ್ದಾಗ ಪಡಸಾಲೆಯಲ್ಲಿ ಹುಡುಗರು ಹೀಗೆಯೇ ಹತ್ತಿರ ಬಂದು, ಯಾರು ಎಂದು ಕಂಡುಕೊಂಡು, ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಪ್ರಾಂಶುಪಾಲನನ್ನು ಕಂಡರೆ ಹೆದರುತ್ತಿದ್ದರು, ಜವಾನನನ್ನು ಕಂಡರೆ ನಗುತ್ತಿದ್ದರು, ಇವನನ್ನು ಕಂಡರೆ ಅವರ ಮುಖದಲ್ಲಿ ಏನೂ ಆಗುತ್ತಿರಲಿಲ್ಲ. ಬೀಳ್ಕೊಡುಗೆಯ ದಿನ ಕೊಟ್ಟ ಗಡಿಯಾರದ ಹಿಂದೆ ಬೇರೆ ಯಾರದೋ ಹೆಸರಿತ್ತು. ಅದನ್ನೂ ಅವನು ಹೇಳಲಿಲ್ಲ; ಆ ಬೇರೆಯವನು ಅಷ್ಟರಲ್ಲಿ ತೀರಿಕೊಂಡಿದ್ದ, ವಾಪಸು ಕೊಡುವುದಾದರೂ ಯಾರಿಗೆ.

ಆ ಪರದೆ ಏನಂತದೆ ಎಂದು ಮೆಮೇರ್ ಒಂದು ಸಲ ವಿಚಾರಿಸಿದಳು. ಕೆಳಗೆ ನೂರಹದಿನೆಂಟು ಅಡಿ, ತಳ ಕಲ್ಲು ಎಂದ. ಅವಳು ತಂತಿಯನ್ನು ಎರಡು ಬೆರಳಿನಲ್ಲಿ ಹಿಡಿದು ಕಣ್ಣು ಮುಚ್ಚಿ, ಕಲ್ಲು ಮುಗಿದು ಆಗಲೇ ಕೆಸರು ಬಂತು, ಇಲ್ಲಿ ನಿನಗೇನೂ ಸಿಗುವುದಿಲ್ಲ, ಎಡಕ್ಕೆ ತಿರುಗಿಸು ಅಂದಳು. ತಿರುಗಿಸುವುದೋ ಬೇಡವೋ ಎಂದು ಲೈಲ್ ಸಾಕಷ್ಟು ಹೊತ್ತು ಯೋಚಿಸಿದ. ತಿರುಗಿಸಿದರೆ ಮೀನು ಅವಳದಾಗುತ್ತದೆಯೇ? ಜಾಗ ಹೇಳಿದ್ದು ಅವಳು, ಆದರೆ ಗಾಳ ತನ್ನದು, ಕೈ ತನ್ನದು. ಕೊನೆಗೆ ದೋಣಿಯನ್ನು ತಿರುಗಿಸಿದ, ಮುಖದಲ್ಲಿ ಮಾತ್ರ ಆ ಯೋಚನೆ ಮೊದಲೇ ತನ್ನದಾಗಿತ್ತು ಎಂಬ ಗಾಂಭೀರ್ಯ ಉಳಿಸಿಕೊಂಡ.

ಹತ್ತಕ್ಕೆ ಹತ್ತು ನಿಮಿಷವಿರುವಾಗ ದಾರ ಚಿಮಟಿಗೆಯಿಂದ ಪಟ್ಟನೆ ಕಳಚಿಕೊಂಡಿತು, ಗಾಳದ ಕೋಲು ನೆಟ್ಟಗಾಗಿ ಮತ್ತೆ ಬಗ್ಗಿತು. ಲೈಲ್ ಎದ್ದು ನಿಂತ, ಕೂತ, ಮತ್ತೆ ನಿಂತ. ಕೆಳಗೆ ಭಾರವಾದದ್ದೊಂದು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿತ್ತು. ಬೇಡ, ಬೇಡ ಎಂದು ಅದು ಅನ್ನುವುದು ನೂರು ಅಡಿ ದಾರದ ಮೂಲಕ ಅವನ ಮೊಣಕೈಗೆ ಕೇಳಿಸುತ್ತಿತ್ತು. ಮೆಮೇರ್ ತನ್ನ ತಂತಿಯನ್ನು ಸರಸರ ಒಳಗೆಳೆದುಕೊಂಡು ಬಲೆ ಹಿಡಿದು ಕೂತಳು. ಲೈಲ್ ಕೋಲಿನ ರಾಟೆ ತಿರುಗಿಸಿದ. ಬಿಟ್ಟುಬಿಟ್ಟೀತು ಎಂಬ ಭಯಕ್ಕೆ ಒಂದೇ ಉಸಿರಿಗೆ ತಿರುಗಿಸಿದ.

“ನಿಧಾನ. ಅರ್ಧದಲ್ಲಿ ನಿಲ್ಲಿಸು ಲೈಲ್. ಅದು ಗಾಳಿ ಬಿಡಲಿ.”

ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆಳದಿಂದ ಬರುವ ಟ್ರೌಟಿನ ಒಡಲಿನ ಗಾಳಿಚೀಲ ಮೇಲೆ ಬಂದಷ್ಟೂ ಉಬ್ಬುತ್ತದೆ, ನಡುವೆ ತಡೆದು ನಿಲ್ಲಿಸಿದರೆ ಅದು ಬಾಯಿಂದ ಗಾಳಿ ಕಕ್ಕುತ್ತದೆ, ನೀರಿನ ಮೇಲೆ ಗುಳ್ಳೆ ಏಳುತ್ತದೆ, ಆಗ ಅದು ಬದುಕಿತು ಎಂದು ಅರ್ಥ: ಸಂಘದ ಕರಪತ್ರದ ಮೂರನೆಯ ಅಂಶ. ಬರೆದವನು ಅವನೇ. ಇಪ್ಪತ್ತೆಂಟು ಇಂಚು ಮೀರಿದ್ದನ್ನು ಯಾರೂ ಮನೆಗೊಯ್ಯಬಾರದು, ಅದು ಮೊಟ್ಟೆಯಿಡುವ ತಾಯಿ, ಎಂಬುದು ಮೊದಲನೆಯ ಅಂಶ. ಅದಕ್ಕೆ ಸರೋವರದ ಸುತ್ತಲಿನ ನೂರಾಹನ್ನೊಂದು ಮನೆಯವರಿಂದ ಪ್ರತಿಜ್ಞೆ ಮಾಡಿಸಿ ಸಹಿ ತೆಗೆದುಕೊಂಡಿದ್ದ. ಆದರೆ ಕರಪತ್ರ ಬರೆದದ್ದು ಚಳಿಗಾಲದಲ್ಲಿ, ಮೇಜಿನ ಮುಂದೆ, ಕಾಫಿ ಕುಡಿಯುತ್ತ. ಈಗ ಅವನ ಕೈ ನಿಲ್ಲಲಿಲ್ಲ. ನೀರು ಒಡೆಯಿತು, ಬೂದಿಬಣ್ಣದ ಮೈಯ ಮೇಲೆ ನಸುಬಿಳಿ ಚುಕ್ಕೆಗಳು ಹೊಳೆದವು, ಮೆಮೇರ್ ಬಲೆಯನ್ನು ಅದರ ಕೆಳಗಿಟ್ಟು ಎತ್ತಿದಳು. ಅಳತೆಕೋಲು ಮೂವತ್ತೊಂದು ಇಂಚು ಎಂದಿತು. ಲೈಲ್ ಅತ್ತ. ನಿಜವಾಗಿಯೂ ಅತ್ತ, ಎರಡು ಹನಿ, ಅದು ಬೆವರು ಎಂದು ತೋರುವ ಹಾಗೆ ತೋಳಿನಿಂದ ಒರೆಸಿಕೊಂಡ.

ಫೋಟೋ ಬೇಕಲ್ಲ. ಫೋನನ್ನು ಮುದುಕಿಯ ಕೈಗೆ ಕೊಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದ. ಅವಳು ತನ್ನ ಹೆಬ್ಬೆರಳಿನ ಫೋಟೋ ತೆಗೆದಳು. ಆಮೇಲೆ ದೋಣಿಯ ತಳದ ಫೋಟೋ ತೆಗೆದಳು. ಹಾಗಲ್ಲ ಮೆಮೇರ್, ಅಡ್ಡ ಹಿಡೀರಿ, ಅಂದ; ಅವಳು ತಾನೇ ಅಡ್ಡಕ್ಕೆ ತಿರುಗಿ ಕೂತಳು. ಅವನು ಮೀನನ್ನು ತಂಗಿಯ ಮಗುವಿನಂತೆ ಎರಡು ತೋಳಿನ ಮೇಲೆ ಮಲಗಿಸಿಕೊಂಡು, ಬಿಸಿಲಿಗೆ ಮುಖ ಕೊಟ್ಟು, ನಗುವನ್ನು ಸಡಿಲಬಿಡದೆ ಕಾದ. ನಿಮ್ಮ ಉಸಿರನ್ನು ನೀವು ಹಿಡಿಯಬಲ್ಲಷ್ಟು ಹೊತ್ತು ಮಾತ್ರ ಮೀನು ನೀರಿನ ಹೊರಗಿರಲಿ: ಅಂಶ ನಾಲ್ಕು. ಅವನು ಆ ಹೊತ್ತಿಗೆ ಐವತ್ತು ಸಲ ಉಸಿರಾಡಿದ್ದ. ಕೊನೆಗೆ ಒಂದು ಚಿತ್ರ ಸರಿಯಾಗಿ ಬಂತು. ಮೀನು ಪೂರ್ತಿ ಇತ್ತು, ಅಳತೆಕೋಲೂ ಇತ್ತು, ಲೈಲ್ ಕುತ್ತಿಗೆಯವರೆಗೆ ಇದ್ದ.

ನೀರಿಗಿಳಿಸಿದಾಗ ಅದು ಈಜಲಿಲ್ಲ. ಮಗ್ಗುಲಾಯಿತು, ಆಮೇಲೆ ಅಂಗಾತವಾಯಿತು. ಉಬ್ಬಿದ ಬಿಳಿಯ ಹೊಟ್ಟೆ ಆಕಾಶಕ್ಕೆ ಕಾಣುವಂತೆ ತೇಲಿತು. ಅವನು ಅದರ ಹೊಟ್ಟೆಯನ್ನು ಬಾಲದಿಂದ ತಲೆಯ ಕಡೆಗೆ ನೀವಿದ, ಗಾಳಿ ಬರಲಿ ಎಂದು. ಸ್ವಲ್ಪ ಬಂತು, ನೆಪಕ್ಕೆ. ಬಾಲ ಹಿಡಿದು ಹಿಂದೆ ಮುಂದೆ ಆಡಿಸಿದ. ಬೆಚ್ಚಗಿನ ನೀರಿನಲ್ಲಿ ಕಿವಿರು ಒಂದು ಸಲ ತೆರೆದು, ಯೋಚಿಸಿ, ಮುಚ್ಚಿತು.

“ಅದು ಸತ್ತಿದೆ ಕಣೋ,” ಎಂದಳು ಮೆಮೇರ್. “ಮನೆಗೆ ಒಯ್ಯೋಣ. ಈರುಳ್ಳಿ ಹಾಕಿ ಬೇಯಿಸ್ತೀನಿ.”

“ಇಪ್ಪತ್ತೆಂಟು ಇಂಚಿಗಿಂತ ದೊಡ್ಡದನ್ನ ಒಯ್ಯೋ ಹಾಗಿಲ್ಲ.”

“ಯಾರು ಹೇಳಿದ್ದು?”

“ನಾನೇ.”

ಮುದುಕಿ ಅವನನ್ನೇ ನೋಡಿದಳು. ಬೈಯಬಹುದಿತ್ತು; ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಒಯ್ಯುವ ಹಾಗಿಲ್ಲ, ಬಿಟ್ಟರೆ ಮುಳುಗುವುದಿಲ್ಲ. ಹತ್ತು ಮನೆಯ ಜಗಲಿಗಳಲ್ಲಿ ದುರ್ಬೀನುಗಳಿವೆ, ಕೊಳ್ಳುವಂತೆ ಸಲಹೆ ಕೊಟ್ಟವನೂ ತಾನೇ, ನಿಯಮ ಮುರಿಯುವವರನ್ನು ಗುರುತಿಸಲು. ಆಗ ಅವನಿಗೆ ಸೀಸದ ಗುಂಡಿನ ನೆನಪಾಯಿತು. ಆಳಕ್ಕೆ ಕೊಂಡೊಯ್ದರೆ ಗಾಳಿ ಕುಗ್ಗುತ್ತದೆ, ತಣ್ಣೀರು ತಾಗಿದರೆ ಜೀವ ಬಂದೀತು, ಹೀಗೂ ಮಾಡುತ್ತಾರೆ ಎಂದು ಎಲ್ಲೋ ಓದಿದ್ದ. ಮೀನಿನ ಕೆಳದವಡೆಯನ್ನು ಚಿಮಟಿಗೆಗೆ ಕಚ್ಚಿಸಿದ. ದೋಣಿ ಅಲುಗದಂತೆ ಹುಟ್ಟು ಹಾಕುತ್ತಿರಿ ಎಂದು ಮೆಮೇರ್‌ಗೆ ಹೇಳಿ, ಗುಂಡನ್ನು ಇಳಿಬಿಟ್ಟ. ತಾಯಿ ಮೀನು ಬಾಯಿ ತೆರೆದುಕೊಂಡು, ಹತ್ತು ಪೌಂಡಿನ ಸೀಸದ ಹಿಂದೆ, ತಲೆಕೆಳಗಾಗಿ ಹಸಿರಿನೊಳಕ್ಕೆ ಹೋಯಿತು.

ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಮಳೆಯಂಗಿಯನ್ನು ತಲೆಯ ಮೇಲೂ ಪರದೆಯ ಮೇಲೂ ಸೇರಿಸಿ ಹೊದ್ದುಕೊಂಡು ಅದರೊಳಗೆ ಬಗ್ಗಿ ಕೂತ. ಒಳಗೆ ಕತ್ತಲೆ, ರಬ್ಬರಿನ ವಾಸನೆ, ತನ್ನದೇ ಬಿಸಿ ಉಸಿರು. ಒಂದು ದಪ್ಪ ಗೆರೆ ಕೆಳಗಿಳಿಯುತ್ತಿತ್ತು: ಗುಂಡು ಮತ್ತು ಮೀನು. ಚಿಕ್ಕವನಿದ್ದಾಗ ಅಮ್ಮನ ಹೂದಾನಿ ಒಡೆದು ಚೂರುಗಳನ್ನು ಜೋಡಿಸಿ ಕಂಬಳಿಯಡಿ ಇಟ್ಟುಕೊಂಡು, ಬೆಳಗಾಗುವಷ್ಟರಲ್ಲಿ ಅದು ಕೂಡಿಕೊಳ್ಳಲಿ ಎಂದು ಪ್ರಾರ್ಥಿಸಿದ್ದ. ಮಾರನೆಯ ದಿನ ಅಮ್ಮ ಬೈಯಲಿಲ್ಲ, ನಿನ್ನಿಂದ ಇಷ್ಟೇ ಆಗುವುದು ಎನ್ನುವ ಹಾಗೆ ತಲೆ ಸವರಿದಳು. ಲೊರೇನ್ ಕೂಡ ಹಾಗೆ ಸವರುತ್ತಾಳೆ. ದೇವರೇ, ಒಂದು ಸಲ, ಒಂದೇ ಒಂದು ಸಲ ನನ್ನಿಂದ ಆದದ್ದು ಸರಿಯಾಗಲಿ. ಅರವತ್ತು ಅಡಿಯ ಹತ್ತಿರ ದಪ್ಪ ಗೆರೆ ಒಡೆದು ಎರಡಾಯಿತು. ಒಂದು ಕೆಳಕ್ಕೆ ಹೋಯಿತು, ಇನ್ನೊಂದು ಬೇರ್ಪಟ್ಟು ಓರೆಯಾಗಿ ಮೇಲಕ್ಕೆ ಹೊರಟು ಪರದೆಯ ಅಂಚಿನಲ್ಲಿ ಮಾಯವಾಯಿತು. ಲೈಲ್ ಉಸಿರು ಬಿಗಿಹಿಡಿದ. ಬಿಡಿಸಿಕೊಂಡಿತು. ತಾನಾಗಿ ಬಿಡಿಸಿಕೊಂಡು ಈಜಿಕೊಂಡು ಹೋಯಿತು. ಮೇಲಕ್ಕೆ ಹೋದದ್ದೇಕೆ ಎಂಬ ಪ್ರಶ್ನೆ ಎದ್ದಿತು. ಹಸಿದ ಮೀನು ಮೇಲಕ್ಕಲ್ಲದೆ ಮತ್ತೆಲ್ಲಿಗೆ ಹೋಗುತ್ತದೆ ಎಂದು ಅದನ್ನು ಕೂರಿಸಿದ. ಗುಂಡನ್ನು ಇನ್ನೂ ಕೆಳಗೆ ಬಿಟ್ಟು, ಎತ್ತಿ, ಮತ್ತೆ ಬಿಟ್ಟು, ಅದು ಮರಳಿ ಬಂದೀತೇ ಎಂದು ಕಾಲುಗಂಟೆ ನೋಡಿದ. ದೋಣಿ ತಿರುಗುತ್ತಿದೆ ಅನ್ನಿಸಿ ಒಳಗಿನಿಂದಲೇ ಕೇಳಿದ್ದಕ್ಕೆ, ಗಾಳಿ ಎದ್ದಿದೆ ಎಂದಳು ಮೆಮೇರ್. ಹೊರಗೆ ಬಂದಾಗ ಚಿಮಟಿಗೆ ಖಾಲಿಯಿತ್ತು, ಸರೋವರ ಹರಡಿಕೊಂಡು ಹೊಳೆಯುತ್ತಿತ್ತು, ಎಲ್ಲೂ ಬಿಳಿಯ ಹೊಟ್ಟೆ ಇರಲಿಲ್ಲ. ಮುದುಕಿ ಐಸ್ ಪೆಟ್ಟಿಗೆಯ ಮೇಲೆ ಕೂತಿದ್ದಳು, ಬಹುಶಃ ಬೆನ್ನು ನೋವು. ಮೀನು ಬದುಕಿತು ಮೆಮೇರ್, ನಾನೇ ಕಣ್ಣಾರೆ ನೋಡಿದೆ ಎಂದು ಅವನು ಹೇಳಿದಾಗ ಅವಳು ತನ್ನ ಕೈಗಳನ್ನು ನೋಡಿಕೊಂಡಳು.

ಮನೆಗೆ ಬಂದು ಅವನು ಎರಡು ಗಂಟೆ ನಿದ್ದೆ ಮಾಡಿದ, ಮೂರು ವರ್ಷದಲ್ಲಿ ಮಾಡದಂಥ ನಿದ್ದೆ. ಎದ್ದು ಇಸ್ತ್ರಿಯ ಅಂಗಿ ಹಾಕಿಕೊಂಡು ಭಾಷಣಕ್ಕೆ ಒಂದು ಸಾಲು ಸೇರಿಸಿದ: ‘ಇವತ್ತು ಬೆಳಿಗ್ಗೆ ಕೂಡ’. ಹಜಾರದಲ್ಲಿ ಉದ್ದನೆಯ ಮೇಜುಗಳ ಮೇಲೆ ಮನೆಮನೆಯಿಂದ ತಂದ ಪಾತ್ರೆಗಳು: ಬೆಲ್ಲದ ಪಾಕದಲ್ಲಿ ಬೆಂದ ಅವರೆ, ಬೇಯಿಸಿದ ಜೋಳದ ತೆನೆ, ಮೂರು ಬಗೆಯ ಆಲೂಗಡ್ಡೆ, ಬ್ಲೂಬೆರಿ ಕಡುಬು. ಮೆಮೇರ್‌ಳ ದೊಡ್ಡ ತಟ್ಟೆಯಲ್ಲಿ ಹಂದಿಕೊಬ್ಬು, ಈರುಳ್ಳಿ, ಹಾಲು ಹಾಕಿ ಒಲೆಯಲ್ಲಿ ಬೇಯಿಸಿದ ಟ್ರೌಟ್. ಜನ ಮೊದಲು ಅಲ್ಲಿಗೇ ನುಗ್ಗಿದರು. ಸಂಘದ ಕಾರ್ಯದರ್ಶಿ ವಿಲ್ಲಾ ಹಾಟಲಿಂಗ್ ಎರಡು ಸಲ ಬಡಿಸಿಕೊಂಡು, ನಿಯಮದ ಒಳಗಿನ ಮೀನಿಗೆ ಇಷ್ಟು ರುಚಿ ಇರುವಾಗ ದೊಡ್ಡದನ್ನು ಕೊಲ್ಲುವವರ ಬುದ್ಧಿಗೆ ಏನು ಹೇಳಬೇಕು ಎಂದಳು. ಲೈಲ್ ತಲೆಯಾಡಿಸಿದ. ತಲೆ ಇಲ್ಲದ ತನ್ನ ಫೋಟೋವನ್ನು ಫೋನಿನಲ್ಲಿ ಮೇಜಿನಿಂದ ಮೇಜಿಗೆ ತೋರಿಸಿಕೊಂಡು ಬಂದ, ಅದನ್ನು ತಣ್ಣೀರಿಗೆ ಇಳಿಸಿದ ಬಗೆಯನ್ನು ವಿವರಿಸಿದ, ಪ್ರತಿ ಮೇಜಿನಲ್ಲೂ ಆಳ ಐದೈದು ಅಡಿ ಹೆಚ್ಚಾಗುತ್ತ ಹೋಯಿತು. ಆಮೇಲೆ ಅತ್ತೆಯ ಪಕ್ಕ ಬಂದು ಕೂತು ತನಗೂ ಬಡಿಸಿಕೊಂಡ. ಕಿತ್ತಳೆ ಬಣ್ಣದ ದಪ್ಪ ದಪ್ಪ ಪದರಗಳು. ನಾಲ್ಕನೆಯ ತುತ್ತಿಗೆ ಅವನ ಕೈ ತಡೆಯಿತು. ಬಾಣಲೆಯ ಅಳತೆಯ ಮೀನಿಗೆ ಇಷ್ಟು ದಪ್ಪ ಪದರ ಇರುವುದಿಲ್ಲ. ಒಂದು ಸಣ್ಣ ಮೀನು ಎಂಬತ್ತು ಜನಕ್ಕೆ ಬರುವುದೂ ಇಲ್ಲ.

“ಮೇಲೆ ಬಂತು,” ಎಂದಳು ಮೆಮೇರ್, ಅವನೇ ಕೇಳುವ ಮೊದಲು, ಮೆಲ್ಲಗೆ. “ನೀನು ಅಂಗಿ ಹೊದ್ಕೊಂಡಿದ್ದೆ. ನೀರಕ್ಕಿಗಳು ಕುಕ್ಕೋಕೆ ಶುರು ಮಾಡಿದ್ವು. ಹಾಳಾಗೋಕೆ ಬಿಡೋಕೆ ಮನಸ್ಸಾಗ್ಲಿಲ್ಲ ನಂಗೆ.”

ಅವನು ತಟ್ಟೆ ನೋಡಿದ. ಸುತ್ತಲೂ ಪ್ರತಿಜ್ಞೆ ಮಾಡಿದ ಬಾಯಿಗಳು ಅಗಿಯುತ್ತಿದ್ದವು. ಸಂಜೆಯವರೆಗೆ ತಾನು ಎಷ್ಟು ಸುಖವಾಗಿದ್ದೆ ಎಂಬುದೇ ಈಗ ಎಲ್ಲಕ್ಕಿಂತ ನಾಚಿಕೆ ತಂದಿತು. ಮೊದಲೇ ಹೇಳಬಾರದಿತ್ತೇ ಎಂದು ತೊದಲಿದ. ಹೇಳಿದರೆ ನೀನು ಅದನ್ನು ಹೂಳುತ್ತಿದ್ದೆ ಎಂದಳು ಅವಳು. ಅಷ್ಟರಲ್ಲಿ ವಿಲ್ಲಾ ಧ್ವನಿವರ್ಧಕದಲ್ಲಿ ಅವನ ಹೆಸರು ಕೂಗಿದಳು. ವೇದಿಕೆಯವರೆಗಿನ ಹದಿನೈದು ಹೆಜ್ಜೆಯಲ್ಲಿ ಅವನು ಹದಿನೈದು ಸಲ ಭಾಷಣದ ಕಾಗದ ಮುಟ್ಟಿ ನೋಡಿಕೊಂಡ. ಓದಿಬಿಡಬಹುದು. ನಾಳೆ ಹೇಳಿದರಾಯಿತು. ಆ ‘ನಾಳೆ’ ಬಾಯಿಗೆ ಬಂದದ್ದೇ ತಡ, ಹೊಟ್ಟೆಯೊಳಗಿನಿಂದ ಏನೋ ಉಬ್ಬಿ ಬಂತು, ಅವನು ಕಾಗದವನ್ನು ಜೇಬಿಗೆ ತುರುಕಿದ.

“ಇವತ್ತು ನಾನು ಬಿಟ್ಟೆ ಅಂದ ಮೀನು ಬದುಕಿಲ್ಲ,” ಎಂದ. ಧ್ವನಿ ಸಣ್ಣಗಿತ್ತು. “ನಾನೇ ಕೊಂದೆ. ಫೋಟೋ ಆಸೆಗೆ. ಈಗ ನೀವೆಲ್ಲ ತಿಂದದ್ದು ಅದನ್ನೇ.”

ಅವನಿಗೆ ಮೈಯೆಲ್ಲ ಹಗುರಾದಂತಾಯಿತು. ಇನ್ನು ಯಾರಾದರೂ ಎದ್ದು ಬೈದರೆ ಮುಗಿಯಿತು, ಮೂರು ವರ್ಷ ಮುಗಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದು ಪಕ್ಕದವರಿಗೆ ಹತ್ತಿತು, ಮೇಜಿನಿಂದ ಮೇಜಿಗೆ ಹರಿದು ಕೊನೆಗೆ ಹಜಾರಕ್ಕೆ ಹಜಾರವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬ ತನ್ನ ಖಾಲಿ ತಟ್ಟೆಯನ್ನು ಎತ್ತಿ ಹಿಡಿದು, ಇನ್ನೊಂದು ಕೊಲ್ಲಿ ಅಧ್ಯಕ್ಷರೇ, ಎಂದ. ನಿಜ, ನಿಜವಾಗಿಯೂ ನಿಜ, ಮೂರು ವರ್ಷದ ಹಿಂದಿನ ಮೀನನ್ನೂ ನಾನು ಹಿಡಿದದ್ದಲ್ಲ ಎಂದು ಲೈಲ್ ಕೂಗಿದ. ನಗು ಇಮ್ಮಡಿಯಾಯಿತು. ಇಷ್ಟು ದಿನ ಈ ತಮಾಷೆಯ ಮನುಷ್ಯನನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ವಿಲ್ಲಾ ಕಣ್ಣೊರೆಸಿಕೊಳ್ಳುತ್ತ ಮೇಪಲ್ ಫಲಕವನ್ನು ಅವನ ಎದೆಗೆ ಒತ್ತಿದಳು. ಮೆಮೇರ್ ಎದ್ದು ನಿಂತು, ಅವನು ಹೇಳುತ್ತಿರುವುದು ನಿಜ ಎಂದಳು, ನಗದೆ. ಅದಕ್ಕೂ ನಕ್ಕರು, ಮುದುಕಿಯೂ ಸೇರಿಕೊಂಡಿದ್ದಾಳೆ ನೋಡಿ ಎಂದು ಅವಳಿಗೂ ಚಪ್ಪಾಳೆ ಬಿತ್ತು. ಲೊರೇನ್ ಮಾತ್ರ ದೂರದ ಮೇಜಿನಿಂದ ಗಂಡನನ್ನು ನೋಡುತ್ತಿದ್ದಳು, ಅವಳ ಕೈ ಬಾಯಿಯ ಮೇಲಿತ್ತು. ನಗು ತಡೆಯುತ್ತಿದ್ದಳೋ ಬೇರೆ ಏನೋ ಅವನಿಗೆ ತಿಳಿಯಲಿಲ್ಲ.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವಾಗ ಅವನು ಫಲಕ ಹೊತ್ತುಕೊಂಡು ಬಂದು ತನ್ನ ಜಾಗದಲ್ಲಿ ಕುಸಿದ. ತಪ್ಪು ಒಪ್ಪಿಕೊಳ್ಳುವುದೂ ತನ್ನಿಂದ ಆಗಲಿಲ್ಲವಲ್ಲ ಅನ್ನಿಸಿತು. ಮೆಮೇರ್ ಫಲಕವನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

“ಹೇಳಿದ್ಯಲ್ಲ, ಸಾಕು. ಕೇಳಿಸ್ಕೊಳ್ಳೋದು ಬಿಡೋದು ಅವರಿಷ್ಟ,” ಎಂದಳು. “ಈಗ ತಿನ್ನು. ತಣ್ಣಗಾದ್ರೆ ಚೆನ್ನಾಗಿರಲ್ಲ.”

ತಿನ್ನಲಾರೆ ಅಂದುಕೊಂಡೇ ಅವನು ಒಂದು ತುತ್ತು ಬಾಯಿಗಿಟ್ಟ. ಹಂದಿಕೊಬ್ಬಿನ ಉಪ್ಪು, ಈರುಳ್ಳಿಯ ಸಿಹಿ, ನೂರು ಅಡಿ ಕೆಳಗಿನ ತಣ್ಣೀರಿನಲ್ಲಿ ಇಪ್ಪತ್ತು ಬೇಸಿಗೆ ಬದುಕಿದ್ದ ಜೀವದ ಮಾಂಸ. ಕಣ್ಣಿನಲ್ಲಿ ನೀರು ಬಂತು, ಆದರೂ ಕೈ ಮತ್ತೆ ತಟ್ಟೆಗೆ ಹೋಯಿತು. ಅಷ್ಟು ರುಚಿಯಾದ ಮೀನನ್ನು ಅವನು ಹುಟ್ಟಿದಂದಿನಿಂದ ತಿಂದಿರಲಿಲ್ಲ, ಮತ್ತು ಅದೊಂದನ್ನು ಮಾತ್ರ ಅವನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.